ನಿಮ್ಮ ವೆಬ್‌ಸೈಟಿನ ಮುಖ ನೋಡಿದ್ದೀರಾ?

ಕಳೆದ ಮಳೆಗಾಲದಲ್ಲಿ ಕೊಡಗಿನ ಸುಂಟಿಕೊಪ್ಪದಿಂದ ಸಹೋದರಿಯೊಬ್ಬರು ನನಗೆ ಹೀಗೆ ಬರೆದರು:

"ಅಸ್ಸಲಾಮು ಅಲೈಕುಮ್. ನಾನು ಎರಡು ವರ್ಷದಿಂದ ಮನೆಯಲ್ಲೇ ಕರಿಮೆಣಸು, ಏಲಕ್ಕಿ, ಕಾಫಿ ಪುಡಿ, ಶುಂಠಿ ಪುಡಿ ಪ್ಯಾಕ್ ಮಾಡಿ ಮಾರುತ್ತಿದ್ದೇನೆ. ಅಕ್ಕನ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ದಿನಕ್ಕೆ 20-30 ಮಂದಿ ನೋಡುತ್ತಾರೆಂದು ಅವನೇ ಲೆಕ್ಕ ತೋರಿಸುತ್ತಾನೆ. ಆದರೆ ಆರ್ಡರ್ ಬರುವುದು ತಿಂಗಳಿಗೆ ನಾಲ್ಕೋ ಐದೋ. ಮೊನ್ನೆ ಬೆಂಗಳೂರಿನ ಗಿರಾಕಿಯೊಬ್ಬರು ಏಲಕ್ಕಿ ತರಿಸಿಕೊಂಡು, 'ಫೋಟೋದಲ್ಲಿ ತೋರಿಸಿದ್ದು ಒಂದು, ಕಳುಹಿಸಿದ್ದು ಇನ್ನೊಂದು, ಇದು ಮೋಸ' ಎಂದು ಬರೆದುಬಿಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಕಾಳಿನಲ್ಲೂ ಕಲಬೆರಕೆ ಮಾಡಿದವಳಲ್ಲ ನಾನು. ವೆಬ್‌ಸೈಟನ್ನು ಹೊಸದಾಗಿ ಚಂದ ಮಾಡಿಕೊಡಲು ಒಬ್ಬರು 25 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣವಿದೆ. ಅದನ್ನು ಇದಕ್ಕೆ ಹಾಕಲೇ?"

ಪತ್ರ ಓದಿದ ಮೇಲೆ ನಾನು ಅವರ ವೆಬ್‌ಸೈಟನ್ನು ನನ್ನ ಮೊಬೈಲಿನಲ್ಲಿ ತೆರೆದೆ. ಮೊದಲು ಪರದೆ ತುಂಬ ಬಿಳಿಯಾಗಿಯೇ ನಿಂತಿತು. ಸ್ವಲ್ಪ ಹೊತ್ತಿನ ನಂತರ ಜಲಪಾತದ ಚಿತ್ರ ಬಂತು. ಅದು ಸರಿದು ಆನೆಯ ಚಿತ್ರ, ಅದೂ ಸರಿದು ಕಾಫಿ ಹೂವಿನ ಚಿತ್ರ. ಹಸಿರು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ ಸ್ವಾಗತ. ಕೆಳಗಿಳಿದರೆ ದಪ್ಪ ದಪ್ಪ ಏಲಕ್ಕಿಯ ಹೊಳೆಯುವ ಚಿತ್ರ. ಬೆಲೆ ಎಲ್ಲಿ? ಕಾಣಲಿಲ್ಲ. ಫೋನ್ ನಂಬರ್ ಎಲ್ಲಿ? ಪುಟದ ತೀರಾ ತಳದಲ್ಲಿ, ಒಂದು ಚಿತ್ರದೊಳಗೆ ಸಣ್ಣದಾಗಿ ಬರೆದಿತ್ತು. ಅದನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಕಾಗದದ ಮೇಲೆ ಬರೆದುಕೊಂಡು ಡಯಲ್ ಮಾಡಬೇಕು.

ದಿನಕ್ಕೆ 20-30 ಮಂದಿ ಬಂದು ಏಕೆ ಮರಳಿ ಹೋಗುತ್ತಿದ್ದಾರೆಂದು ನನಗೆ ಅರ್ಥವಾಯಿತು. ಆ ಸಹೋದರಿಗೆ ಕೂಡಲೇ ಫೋನ್ ಮಾಡಿ, "ಮಗಳ ಫೀಸಿನ ಹಣ ಮುಟ್ಟಬೇಡಿ. ಮೊದಲು ಇದ್ದುದನ್ನು ಸರಿ ಮಾಡೋಣ" ಎಂದೆ. ಅವರೊಂದಿಗೆ ಎರಡು ವಾರ ಮಾತಾಡಿದ್ದರ ಸಾರವನ್ನೇ ಈ ಬಾರಿಯ ಅಂಕಣದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಕುಳಿತು ಉಪ್ಪಿನಕಾಯಿ, ಬುರ್ಖಾ, ಕಸೂತಿ, ಕೇಕ್, ಏನನ್ನೇ ಮಾರುವವರಿಗೂ ಇದು ಅನ್ವಯಿಸುತ್ತದೆ.

ಅಂದ ಯಾರಿಗಾಗಿ?

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಕುಶಾಲನಗರ ದಾಟಿದರೆ ಸುಂಟಿಕೊಪ್ಪ ಸಿಗುತ್ತದೆ. ಆ ರಸ್ತೆಯುದ್ದಕ್ಕೂ ಕಾಫಿ, ಜೇನು, ಮೆಣಸು ಮಾರುವ ಅಂಗಡಿಗಳು. ಪ್ರವಾಸಿಗರು ಕಾರು ನಿಲ್ಲಿಸಿ ಇಳಿಯುತ್ತಾರೆ. ಮೆಣಸಿನ ಕಾಳನ್ನು ಕೈಗೆತ್ತಿಕೊಂಡು ಮೂಸುತ್ತಾರೆ, ಏಲಕ್ಕಿಯ ಸಿಪ್ಪೆ ಬಿಡಿಸಿ ನೋಡುತ್ತಾರೆ. ಮನಸ್ಸು ಒಪ್ಪಿದರೆ ಕೊಳ್ಳುತ್ತಾರೆ.

ವೆಬ್‌ಸೈಟಿಗೆ ಬರುವವರಿಗೆ ಈ ಭಾಗ್ಯವಿಲ್ಲ. ಮೂಸುವಂತಿಲ್ಲ, ಮುಟ್ಟುವಂತಿಲ್ಲ, ಮಾರುವವರ ಮುಖ ನೋಡುವಂತಿಲ್ಲ. ಅವರಿಗೆ ಇರುವುದು ಕಣ್ಣು ಮಾತ್ರ. ಆದ್ದರಿಂದ ವೆಬ್‌ಸೈಟಿನ ಬಣ್ಣ, ಅಕ್ಷರ, ಚಿತ್ರ ಎಲ್ಲವೂ ಅಲಂಕಾರಕ್ಕಾಗಿ ಇರುವಂಥವಲ್ಲ. ಮೂಗು ಮತ್ತು ಕೈ ಮಾಡಬೇಕಾದ ಕೆಲಸವನ್ನು ಅವು ಮಾಡಬೇಕು. "ಈ ವಸ್ತು ಯಾವುದು, ಎಷ್ಟು ಬೆಲೆ, ಇವರನ್ನು ನಂಬಬಹುದೇ?" ಈ ಮೂರು ಪ್ರಶ್ನೆಗಳಿಗೆ ಕಣ್ಣಿಗೆ ಬೇಗ ಉತ್ತರ ಸಿಕ್ಕರೆ ಅದು ಒಳ್ಳೆಯ ವಿನ್ಯಾಸ. ಸಿಗದಿದ್ದರೆ ಎಷ್ಟು ಚಂದವಿದ್ದೂ ಪ್ರಯೋಜನವಿಲ್ಲ.

ಕೊಡಗಿನ ಸರಕು ಮಾರುವವರಿಗಂತೂ ಮೂರನೆಯ ಪ್ರಶ್ನೆ ದೊಡ್ಡದು. 2017ರಲ್ಲಿ ವಿಯೆಟ್ನಾಂನ ಕರಿಮೆಣಸು ಗೋಣಿಕೊಪ್ಪಲಿಗೆ ಬಂದು ಕೊಡಗಿನ ಮೆಣಸಿನೊಂದಿಗೆ ಬೆರೆಯುತ್ತಿದೆ ಎಂದು ಬೆಳೆಗಾರರೇ ದನಿಯೆತ್ತಿದ್ದರು. ಅದು ಪತ್ರಿಕೆಗಳಲ್ಲೂ ಬಂತು. 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ಸಿಕ್ಕಿತು. ಹೆಸರಿಗೆ ಬೆಲೆ ಇರುವಲ್ಲಿ ಹೆಸರನ್ನು ಕದಿಯುವವರೂ ಇರುತ್ತಾರೆ. ಹಾಗಾಗಿ ದೂರದ ಊರಿನಲ್ಲಿ ಕುಳಿತ ಗಿರಾಕಿ ಸ್ವಲ್ಪ ಅನುಮಾನದಿಂದಲೇ ನಿಮ್ಮ ಪುಟ ತೆರೆಯುತ್ತಾರೆ. ಅವರನ್ನು ದೂರುವಂತಿಲ್ಲ.

ಎರವಲು ಚಿತ್ರ ಬೇಡ

ಸುಂಟಿಕೊಪ್ಪದ ಸಹೋದರಿಯ ನಿದ್ದೆಗೆಡಿಸಿದ ಏಲಕ್ಕಿಯ ವಿಷಯಕ್ಕೆ ಬರೋಣ. ಆ ದಪ್ಪ ಏಲಕ್ಕಿಯ ಚಿತ್ರ ಅವರದ್ದಲ್ಲ. ಅಕ್ಕನ ಮಗ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಚಂದ ಕಂಡದ್ದನ್ನು ತಂದು ಹಾಕಿದ್ದ. ಅವರು ಮಾರುತ್ತಿದ್ದುದು ಮಾದಾಪುರದ ಕಡೆಯ ಪರಿಚಯದವರ ತೋಟದ ಏಲಕ್ಕಿ. ಕಾಯಿ ಸಣ್ಣದು, ಬಣ್ಣ ತುಸು ತಿಳಿ, ಆದರೆ ಪರಿಮಳ ಚೆನ್ನಾಗಿದೆ. ಹುಡುಗನಿಗೂ ಮೋಸದ ಉದ್ದೇಶವಿರಲಿಲ್ಲ, ಚಿಕ್ಕಮ್ಮನಿಗೂ ಇರಲಿಲ್ಲ. ಆದರೆ ಗಿರಾಕಿಯ ಜಾಗದಲ್ಲಿ ನಿಂತು ನೋಡಿ. ಅವರು ಹಣ ಕೊಟ್ಟದ್ದು ಆ ಚಿತ್ರಕ್ಕೆ.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಒಳಗೆ ಒದ್ದೆಯಿದ್ದ ಪ್ರಸಂಗ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬಹುದಿತ್ತಲ್ಲವೇ ಎಂದು ಅವರು ಕೇಳಿದರು. ಸರಕು ಕೆಟ್ಟದ್ದೆಂದು ಎಸೆಯಲು ಹೇಳಲಿಲ್ಲ, ಮೇಲಿಡಲು ಹೇಳಿದರು. ಇಂದು ವೆಬ್‌ಸೈಟ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ. ಕಾಯಿ ಸಣ್ಣದಾಗಿದ್ದರೆ ಸಣ್ಣದೆಂದೇ ತೋರಿಸಿ, ಹಾಗೆಂದು ಬರೆಯಿರಿ. ಸಣ್ಣ ಕಾಯಿ ಬೇಕೆನ್ನುವವರೂ ಇದ್ದಾರೆ. ಬಿರಿಯಾನಿಗೆ ಬಳಸುವವರಿಗೆ ಗಾತ್ರಕ್ಕಿಂತ ಪರಿಮಳ ಮುಖ್ಯ.

ಸ್ವಂತ ಚಿತ್ರ ತೆಗೆಯಲು ದೊಡ್ಡ ಕ್ಯಾಮೆರಾ ಬೇಕಿಲ್ಲ, ನಿಮ್ಮ ಮೊಬೈಲ್ ಸಾಕು. ಈ ಕೆಲವು ಮಾತು ನೆನಪಿಡಿ.

ಬೆಳಗ್ಗೆ ಮನೆಯ ಜಗಲಿಯಲ್ಲೋ ಕಿಟಕಿಯ ಪಕ್ಕದಲ್ಲೋ ತೆಗೆಯಿರಿ. ನೇರ ಬಿಸಿಲು ಬೀಳಬಾರದು. ಕೊಡಗಿನ ಮೋಡದ ಬೆಳಕು ಬಟ್ಟೆ ಒಣಗಿಸಲು ಆಗದಿದ್ದರೂ ಫೋಟೋಗೆ ಬಹಳ ಒಳ್ಳೆಯದು, ಗಾಢವಾದ ನೆರಳು ಬೀಳುವುದಿಲ್ಲ. ರಾತ್ರಿ ಹಳದಿ ಬಲ್ಬಿನ ಕೆಳಗೆ ತೆಗೆದರೆ ಹಸಿರು ಏಲಕ್ಕಿ ಕಂದು ಬಣ್ಣಕ್ಕೆ ತಿರುಗಿ ಹಳೆಯ ಸರಕಿನಂತೆ ಕಾಣುತ್ತದೆ.

ಎಲ್ಲ ವಸ್ತುಗಳಿಗೂ ಒಂದೇ ಹಿನ್ನೆಲೆ ಇರಲಿ. ಬಿಳಿ ಡ್ರಾಯಿಂಗ್ ಶೀಟ್ ಸಾಕು. ಕರಿಮೆಣಸನ್ನು ಕಪ್ಪು ಮೇಜಿನ ಮೇಲಿಟ್ಟರೆ ಕಾಳು ಯಾವುದು, ಮೇಜು ಯಾವುದು ಗೊತ್ತಾಗದು. ಎಲ್ಲವನ್ನೂ ಒಂದೇ ದೂರದಿಂದ, ಒಂದೇ ಕೋನದಿಂದ ತೆಗೆಯಿರಿ. ಒಂದು ಚಿತ್ರ ನಿಂತು, ಇನ್ನೊಂದು ಮಲಗಿ, ಮತ್ತೊಂದು ತೀರಾ ಹತ್ತಿರದಿಂದ ಇದ್ದರೆ ಪುಟವೆಲ್ಲ ಗಲಿಬಿಲಿಯಾಗುತ್ತದೆ.

ಪಕ್ಕದಲ್ಲಿ ಒಂದು ಟೀ ಚಮಚ ಇಡಿ. ಗಾತ್ರ ಎಷ್ಟೆಂದು ನೋಡಿದವರಿಗೆ ತಾನೇ ತಿಳಿಯುತ್ತದೆ. ಬಣ್ಣ ಹೆಚ್ಚಿಸುವ ಫಿಲ್ಟರ್ ಯಾವುದನ್ನೂ ಬಳಸಬೇಡಿ. ಒಂದು ವಸ್ತುವಿಗೆ ಎರಡು ಚಿತ್ರ ಸಾಕು: ಪ್ಯಾಕೆಟ್ ಒಂದು, ಒಳಗಿನ ಸರಕು ಒಂದು.

ಖಾಲಿ ಜಾಗ ವ್ಯರ್ಥವಲ್ಲ

ಮದರಂಗಿ ಹಾಕಲು ತಿಳಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಅಂಗೈ ಪೂರ್ತಿ ತುಂಬಿದರೆ ದೂರದಿಂದ ಕಪ್ಪು ಮುದ್ದೆ ಕಾಣುತ್ತದೆ. ಹೂವಿನ ಸುತ್ತ ಸ್ವಲ್ಪ ಚರ್ಮ ಬಿಟ್ಟರೇ ಹೂವು ಎದ್ದು ಕಾಣುವುದು. ವೆಬ್‌ಸೈಟಿಗೂ ಇದೇ ಲೆಕ್ಕ. ನಾವು ಹಣ ಕೊಟ್ಟು ಜಾಗ ತೆಗೆದುಕೊಂಡಿದ್ದೇವೆ, ಒಂದಿಂಚೂ ಬಿಡಬಾರದು ಎಂದು ತುಂಬಿಸುತ್ತಾ ಹೋದರೆ ನೋಡುವವರ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ.

ಸುಂಟಿಕೊಪ್ಪದ ಸಹೋದರಿಗೆ ನಾನು ಮೊದಲು ಹೇಳಿದ್ದು ಏನನ್ನಾದರೂ ಸೇರಿಸಿ ಎಂದಲ್ಲ, ತೆಗೆಯಿರಿ ಎಂದು. ಸರಿಯುವ ಚಿತ್ರಗಳು ಹೋದವು. ಓಡುವ ಅಕ್ಷರದ ಸಾಲು ಹೋಯಿತು. ಗಡಿಯಾರ, ಹವಾಮಾನ, "ನೀವು ಇಷ್ಟನೆಯ ಅತಿಥಿ" ಎನ್ನುವ ಲೆಕ್ಕ, ಮಿನುಗುವ ನಕ್ಷತ್ರ ಎಲ್ಲ ಹೋದವು. ಜಲಪಾತ ಮತ್ತು ಆನೆಯ ಬಗ್ಗೆ ಅವರಿಗೆ ಸ್ವಲ್ಪ ಬೇಸರವಾಯಿತು. "ಕೊಡಗು ಎಂದು ಗೊತ್ತಾಗಬೇಡವೇ?" ಎಂದು ಕೇಳಿದರು. ಗೊತ್ತಾಗಬೇಕು, ನಿಜ. ಆದರೆ ಅವರು ಮಾರುವುದು ಆನೆಯನ್ನಲ್ಲ. ಆ ಜಾಗದಲ್ಲಿ ಅವರ ಅಂಗಳದಲ್ಲಿ ಒಣಗಲು ಹಾಕಿದ ಮೆಣಸಿನ ಚಿತ್ರ ಬಂತು. ಅದಕ್ಕಿಂತ ಹೆಚ್ಚು ಕೊಡಗು ಬೇರೇನು ಬೇಕು?

ಮೊಬೈಲ್ ತೆರೆದ ಕೂಡಲೇ, ಬೆರಳು ಅಲುಗಾಡಿಸುವ ಮೊದಲೇ ಕಾಣಬೇಕಾದವು ನಾಲ್ಕು: ಅಂಗಡಿಯ ಹೆಸರು, ಏನು ಮಾರುತ್ತೀರಿ, ಯಾವ ಊರಿನಿಂದ ಎಂಬ ಒಂದು ಸಾಲು, ಒಂದು ಒಳ್ಳೆಯ ಚಿತ್ರ, ಆರ್ಡರ್ ಮಾಡುವ ಬಟನ್. "ನಮ್ಮ ಜಾಲತಾಣಕ್ಕೆ ಹೃತ್ಪೂರ್ವಕ ಸ್ವಾಗತ" ಎಂಬ ಸಾಲು ಬೇಡ. ಅದರ ಬದಲು "ಸುಂಟಿಕೊಪ್ಪದಿಂದ ಕರಿಮೆಣಸು, ಏಲಕ್ಕಿ, ಕಾಫಿ ಪುಡಿ. ಮನೆಯಲ್ಲೇ ಪ್ಯಾಕ್ ಮಾಡಿ ಅಂಚೆಯಲ್ಲಿ ಕಳುಹಿಸುತ್ತೇವೆ" ಎಂದು ಬರೆದರೆ ಕೆಲಸ ಮುಗಿಯಿತು. ಜನರು ಪುಟವನ್ನು ಪುಸ್ತಕದಂತೆ ಓದುವುದಿಲ್ಲ. ಅವರ ಕಣ್ಣು ಮೇಲಿನ ಸಾಲುಗಳ ಮೇಲೆ, ಎಡಗಡೆಯ ಅಂಚಿನ ಮೇಲೆ ಹೆಚ್ಚು ಓಡುತ್ತದೆ. ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು ಜೇಕಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿ ಇದನ್ನು ತೋರಿಸಿದ್ದರು. ಮುಖ್ಯವಾದುದು ಮೇಲಿರಲಿ ಎನ್ನುವುದು ಇದಕ್ಕಾಗಿ.

ಅದರ ಕೆಳಗೆ ಸಾಮಾನುಗಳು. ಎಲ್ಲ ಚಿತ್ರಗಳೂ ಒಂದೇ ಅಳತೆಯಲ್ಲಿರಲಿ. ಪ್ರತಿಯೊಂದರ ಅಡಿಯಲ್ಲೂ ಹೆಸರು, ತೂಕ, ಬೆಲೆ ಇದೇ ಕ್ರಮದಲ್ಲಿ ಬರಲಿ. ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಹೆಸರು ಅಂಟಿಸಿದರೆ ಕತ್ತಲಲ್ಲೂ ಜೀರಿಗೆ ಕೈಗೆ ಸಿಗುತ್ತದೆ. ಅದೇ ಅಚ್ಚುಕಟ್ಟು ಇಲ್ಲಿಯೂ ಬೇಕು.

ಬಣ್ಣ ಮೂರು ಸಾಕು

ಹಿನ್ನೆಲೆಗೆ ಒಂದು, ಅಕ್ಷರಕ್ಕೆ ಒಂದು, ಬಟನ್‌ಗೆ ಒಂದು. ಇದಕ್ಕಿಂತ ಹೆಚ್ಚು ಬಣ್ಣ ಸಣ್ಣ ಅಂಗಡಿಗೆ ಬೇಕಾಗುವುದಿಲ್ಲ. ಯಾವ ಬಣ್ಣ ಎಂದು ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಸರಕಿನಿಂದಲೇ ಆಯ್ದುಕೊಳ್ಳಿ. ಕಾಫಿ ಮಾರುವವರಿಗೆ ಕಾಫಿಯ ಕಂದು ಇದೆ, ಏಲಕ್ಕಿ ಮಾರುವವರಿಗೆ ಹಸಿರು ಇದೆ. ಹಿನ್ನೆಲೆ ಬಿಳಿ ಅಥವಾ ತೀರಾ ತಿಳಿಯಾದ ಕೆನೆಬಣ್ಣ. ಅಕ್ಷರ ಕಪ್ಪು ಅಥವಾ ಗಾಢ ಕಂದು. ಬಟನ್‌ನ ಬಣ್ಣವನ್ನು ಬೇರೆಲ್ಲೂ ಬಳಸಬೇಡಿ. ಆ ಬಣ್ಣ ಕಂಡರೆ ಒತ್ತಬೇಕು ಎಂದು ಗಿರಾಕಿಗೆ ತಾನೇ ಅಭ್ಯಾಸವಾಗಲಿ.

ಅಕ್ಷರಕ್ಕೂ ಹಿನ್ನೆಲೆಗೂ ಎಷ್ಟು ಅಂತರವಿರಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯ ಅಳತೆಯೇ ಇದೆ. ಸಾಮಾನ್ಯ ಅಕ್ಷರಗಳಿಗೆ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1. ಬಿಳಿಯ ಮೇಲೆ ಕಪ್ಪು ಇಟ್ಟರೆ ಇದು 21:1 ಆಗುತ್ತದೆ. ಬಿಳಿಯ ಮೇಲೆ ಹಳದಿ ಅಥವಾ ತಿಳಿ ಬೂದು ಇಟ್ಟರೆ ಕನಿಷ್ಠ ಅಳತೆಯನ್ನೂ ಮುಟ್ಟುವುದಿಲ್ಲ. ಎರಡು ಬಣ್ಣಗಳನ್ನು ಕೊಟ್ಟರೆ ಈ ಲೆಕ್ಕ ಹೇಳುವ ಉಚಿತ ಸಾಧನಗಳು ಇಂಟರ್‌ನೆಟ್ಟಿನಲ್ಲಿವೆ. ಅದೂ ಬೇಡವೆಂದರೆ ಮಧ್ಯಾಹ್ನ ಅಂಗಳಕ್ಕೆ ಹೋಗಿ ಮೊಬೈಲಿನ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ. ಓದಲು ಬಂದರೆ ಸರಿ. ಹಸಿರಿನ ಮೇಲೆ ಕೆಂಪು ಅಕ್ಷರ ಮಾತ್ರ ಖಂಡಿತ ಬೇಡ. ಆ ಎರಡು ಬಣ್ಣಗಳ ವ್ಯತ್ಯಾಸ ಗುರುತಿಸಲಾಗದವರು ಅನೇಕರಿದ್ದಾರೆ. ನಿಮ್ಮ ಸ್ವಾಗತವೇ ಅವರಿಗೆ ಕಾಣುವುದಿಲ್ಲ.

ಕನ್ನಡದ ಅಕ್ಷರಕ್ಕೆ ಉಸಿರಾಡಲು ಬಿಡಿ

ಇಂಗ್ಲಿಷ್ ವೆಬ್‌ಸೈಟಿನ ಮಾದರಿ ತೆಗೆದುಕೊಂಡು ಅದರಲ್ಲಿ ಕನ್ನಡ ತುಂಬಿದಾಗ ಏಕೋ ಇಕ್ಕಟ್ಟಾಗಿ ಕಾಣುತ್ತದೆ. ಕಾರಣ ಸರಳ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೇರುತ್ತವೆ. ಇಂಗ್ಲಿಷಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಆದ್ದರಿಂದ ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6 ಪಟ್ಟಿನಷ್ಟಾದರೂ ಇಡಿ. ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, 17-18 ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಗಿರಾಕಿಗಳಲ್ಲಿ ಕನ್ನಡಕ ಹುಡುಕುವ ವಯಸ್ಸಿನವರೂ ಇರುತ್ತಾರೆ.

ಪೂರ್ತಿ ಪ್ಯಾರಾವನ್ನು ದಪ್ಪ ಅಕ್ಷರದಲ್ಲಿ ಹಾಕಬೇಡಿ. ಘ, ಛ, ಕ್ಷ ಮುಂತಾದವುಗಳ ಒಳಗಿನ ಕಿಂಡಿ ಮುಚ್ಚಿಹೋಗುತ್ತದೆ. ಬೆಲೆಗೂ ತಲೆಬರಹಕ್ಕೂ ಮಾತ್ರ ದಪ್ಪ ಇರಲಿ. ಒಂದೇ ಪುಟಕ್ಕೆ ನಾಲ್ಕು ತರದ ಫಾಂಟ್ ಬೇಡ, ಒಂದು ಸಾಕು, ಹೆಚ್ಚೆಂದರೆ ಎರಡು. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಮುಂತಾದ ಒಳ್ಳೆಯ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನೊಂದು ಎಚ್ಚರ. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಬೆಲೆಪಟ್ಟಿಯನ್ನು ಹಾಗೆಯೇ ತಂದು ಅಂಟಿಸಿದರೆ ಗಿರಾಕಿಯ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಿಕೊಂಡು ಹಾಕಿ. ಬದಲಿಸುವ ಉಚಿತ ಸಾಧನಗಳಿವೆ. ಈ ತೊಂದರೆ ಬೇಡವೆಂದು ಅನೇಕರು ಬೆಲೆಪಟ್ಟಿಯ ಫೋಟೋ ತೆಗೆದು ಹಾಕುತ್ತಾರೆ. ಅದೂ ಸರಿಯಲ್ಲ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ಹುಡುಕಾಟ ಪುಟದ ಬರಹದಂತೆ ಓದಿಕೊಳ್ಳುತ್ತದೆಂದು ನಂಬುವಂತಿಲ್ಲ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಸುಲಭವಾಗಿ ಸಿಗುವುದಿಲ್ಲ. ಬೆಲೆ ಬದಲಾದಾಗ ಮತ್ತೆ ಫೋಟೋ ತೆಗೆಯುವ ಕೆಲಸ ಬೇರೆ.

ಬೆಂಗಳೂರು, ಹೈದರಾಬಾದ್, ಗಲ್ಫ್‌ನಲ್ಲಿ ಗಿರಾಕಿಗಳಿದ್ದರೆ ಇಂಗ್ಲಿಷ್ ಪುಟವೂ ಬೇಕಾದೀತು. ಆದರೆ ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಬೇಡಿ. ಕನ್ನಡಕ್ಕೊಂದು ಪುಟ, ಇಂಗ್ಲಿಷಿಗೊಂದು ಪುಟ ಮಾಡಿ, ಬದಲಿಸಿಕೊಳ್ಳಲು ಮೇಲ್ಗಡೆ ಒಂದು ಬಟನ್ ಇಡಿ.

ಮಳೆಗಾಲದ ನೆಟ್‌ವರ್ಕಿನಲ್ಲಿ ತೆರೆಯುತ್ತದೆಯೇ?

ಕೊಡಗಿನ ಮಳೆ ನಿಮಗೆ ಗೊತ್ತು. ಜೂನ್ ಬಂತೆಂದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ ಕೂಡಾ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಜಿಲ್ಲೆಗೆ ಜಿಲ್ಲೆಯೇ ತತ್ತರಿಸಿತು. ಪ್ರವಾಸಿಗರು ಬಾರದೆ ಅಂಗಡಿಗಳು ಖಾಲಿ ಹೊಡೆದವು. ರಸ್ತೆಯ ಗಿರಾಕಿಯನ್ನೇ ನಂಬಿ ಕುಳಿತರೆ ಏನಾಗುತ್ತದೆಂದು ಆಗ ಅನೇಕರಿಗೆ ಅರಿವಾಯಿತು. ವೆಬ್‌ಸೈಟ್ ಬೇಕೆನ್ನುವುದೂ ಅಂಥ ದಿನಗಳಿಗಾಗಿಯೇ. ಆದರೆ ಅದು ನಿಧಾನವಾಗಿ ತೆರೆದರೆ ಮುಚ್ಚಿದ ಅಂಗಡಿಗೆ ಸಮಾನ.

ನಿಧಾನಕ್ಕೆ ಮುಖ್ಯ ಕಾರಣ ಚಿತ್ರಗಳ ಭಾರ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರು-ನಾಲ್ಕು ಎಂಬಿ ಇರುವುದುಂಟು. ಪುಟದಲ್ಲಿ ಹತ್ತು ಫೋಟೋ ಇದ್ದರೆ ಗಿರಾಕಿ 30-40 ಎಂಬಿ ಎಳೆದುಕೊಳ್ಳಬೇಕು. ಹಾಕುವ ಮೊದಲು ಪ್ರತಿ ಚಿತ್ರವನ್ನೂ 200 ಕೆಬಿಯ ಒಳಗೆ ಇಳಿಸಿ. ಇದಕ್ಕೂ ಉಚಿತ ಆ್ಯಪ್‌ಗಳಿವೆ. ಮೊಬೈಲಿನ ಪರದೆಯಲ್ಲಿ ವ್ಯತ್ಯಾಸ ಕಣ್ಣಿಗೆ ತಿಳಿಯುವುದೇ ಇಲ್ಲ. ತಾನಾಗಿ ಓಡುವ ವೀಡಿಯೋ, ಹಾಡು ಇದ್ದರೆ ತೆಗೆದುಹಾಕಿ.

ಬಟನ್ ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ, 44 ಪಿಕ್ಸೆಲ್ ಎತ್ತರವಾದರೂ ಬೇಕು. ಎರಡು ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡಿರಬಾರದು. ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿದವರು ಮತ್ತೆ ಪ್ರಯತ್ನಿಸುವುದು ಕಡಿಮೆ.

ಮುಖ ತೋರಿಸದೆ ನಂಬಿಕೆ ಗಳಿಸುವುದು

ಸಹೋದರಿಯರು ನನಗೆ ಹೆಚ್ಚಾಗಿ ಕೇಳುವ ಪ್ರಶ್ನೆಯೊಂದಿದೆ. "ಮಾರುವವರ ಫೋಟೋ ಹಾಕಿದರೆ ಜನ ನಂಬುತ್ತಾರೆನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ಏನು ಮಾಡಲಿ?" ಹಾಕಲೇಬೇಕೆಂದೇನೂ ಇಲ್ಲ. ಕೆಲಸ ಮಾಡುವ ಕೈಗಳ ಚಿತ್ರ ಹಾಕಿ. ಮೆಣಸು ಒಣಗಿಸುವ ಅಂಗಳ, ಕಾಫಿ ಹುರಿಯುವ ಬಾಣಲೆ, ತೂಗುವ ತಕ್ಕಡಿ, ಪ್ಯಾಕ್ ಮಾಡುವ ಮೇಜು, ಇವುಗಳ ಚಿತ್ರ ಹಾಕಿ. ಜೊತೆಗೆ ನಿಮ್ಮದೇ ಮಾತಿನಲ್ಲಿ ನಾಲ್ಕು ಸಾಲು: ಎಲ್ಲಿಂದ ತರುತ್ತೀರಿ, ಹೇಗೆ ಆರಿಸುತ್ತೀರಿ, ಎಂದು ಪ್ಯಾಕ್ ಮಾಡುತ್ತೀರಿ. ನಗುವ ಮುಖದ ಬಾಡಿಗೆ ಚಿತ್ರಕ್ಕಿಂತ ಇದು ಎಷ್ಟೋ ಮೇಲು.

ಮನೆಯ ನಂಬರ್ ಎಲ್ಲರ ಕೈಗೆ ಹೋಗುತ್ತದೆಂಬ ಅಳುಕೂ ಇರುತ್ತದೆ. ವ್ಯಾಪಾರಕ್ಕೆಂದೇ ಬೇರೆ ಸಿಮ್ ತೆಗೆದು, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಉತ್ತರಿಸುತ್ತೀರೆಂದು ವೆಬ್‌ಸೈಟಿನಲ್ಲಿ ಬರೆಯಿರಿ. ರಾತ್ರಿ ಹತ್ತಕ್ಕೆ ಬರುವ ಕರೆಗಳು ತಾವಾಗಿ ಕಡಿಮೆಯಾಗುತ್ತವೆ.

ನಿಯಮದ ಮಾತನ್ನೂ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ ಹಾಗೂ ಎಲ್ಲ ಖರ್ಚು ಸೇರಿದ ಒಟ್ಟು ಬೆಲೆಯನ್ನು ತೋರಿಸಬೇಕೆಂದು ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಆಹಾರ ವಸ್ತುವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಇದನ್ನು ಭಾರವೆಂದು ತಿಳಿಯಬೇಡಿ. ಆ ಸಂಖ್ಯೆ ಎದ್ದು ಕಾಣುವಂತಿದ್ದರೆ ಅನುಮಾನದಿಂದ ಬಂದ ಗಿರಾಕಿಯ ಅರ್ಧ ಅನುಮಾನ ಅಲ್ಲಿಯೇ ಕರಗುತ್ತದೆ.

ಅಂಚೆ ಖರ್ಚನ್ನು ಕೊನೆಗೆ ಹೇಳಬೇಡಿ. ಬೆಲೆಯ ಪಕ್ಕದಲ್ಲೇ ಇರಲಿ. ದೊಡ್ಡ ಕಂಪೆನಿಗಳನ್ನು ನೋಡಿ ಕೆಲವರು "ಇನ್ನು ಎರಡೇ ಉಳಿದಿವೆ", "ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ" ಎಂದು ಗಡಿಯಾರ ಓಡಿಸುತ್ತಾರೆ. ಗೋದಾಮಿನಲ್ಲಿ ಮೂಟೆ ತುಂಬಿರುತ್ತದೆ! ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಖರ್ಚನ್ನು ಮುಚ್ಚಿಟ್ಟು ಕೊನೆಗೆ ಸೇರಿಸುವುದು ಎರಡೂ ಅದರಲ್ಲಿವೆ. ಕಾನೂನು ಬರುವ ಮೊದಲೂ ಅದು ತಪ್ಪೇ ಆಗಿತ್ತು.

ಐದು ಜನರ ಪರೀಕ್ಷೆ

ಎಲ್ಲ ಸರಿಮಾಡಿದ ಮೇಲೆ ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳಬೇಡಿ. ಮನೆಯವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಬದಲಿಗೆ ಕೈಗೆ ಮೊಬೈಲ್ ಕೊಟ್ಟು ಒಂದು ಕೆಲಸ ಹೇಳಿ: "250 ಗ್ರಾಂ ಮೆಣಸಿಗೆ ಎಷ್ಟು? ಅದನ್ನು ತರಿಸಿಕೊಳ್ಳಿ ನೋಡೋಣ." ಹೇಳಿದ ಮೇಲೆ ನೀವು ಬಾಯಿ ಮುಚ್ಚಿ ಅವರ ಬೆರಳನ್ನು ನೋಡುತ್ತಾ ಕುಳಿತಿರಿ. ಎಲ್ಲಿ ಬೆರಳು ತಡವರಿಸುತ್ತದೋ ಅಲ್ಲಿ ನಿಮ್ಮ ವೆಬ್‌ಸೈಟಿಗೆ ರಿಪೇರಿ ಬೇಕು. ಐದು ಮಂದಿಯನ್ನು ಹೀಗೆ ನೋಡಿದರೆ ಹೆಚ್ಚಿನ ತೊಂದರೆಗಳು ಬಯಲಾಗುತ್ತವೆಂದು ಅದೇ ನೀಲ್ಸನ್ 2000ದಲ್ಲಿ ಬರೆದಿದ್ದರು.

ಸುಂಟಿಕೊಪ್ಪದ ಸಹೋದರಿ ಮೊದಲು ತಮ್ಮ ಅತ್ತೆಯ ಕೈಗೆ ಮೊಬೈಲ್ ಕೊಟ್ಟರಂತೆ. ಅತ್ತೆ ಉಮ್ಮ ಕನ್ನಡಕ ಹಾಕಿಕೊಂಡು ಒಂದಷ್ಟು ಹೊತ್ತು ನೋಡಿ, "ಮೋಳೇ, ಬೆಲೆ ಕಂಡಿತು. ಆದರೆ ಒತ್ತುವುದು ಎಲ್ಲಿ?" ಎಂದು ಕೇಳಿದರಂತೆ. ಬಟನ್ ಮೇಲೆ 'ಕಾರ್ಟ್' ಎಂದು ಬರೆದಿತ್ತು. ಅದು ಅವರಿಗೆ ಅರ್ಥವಾಗಲಿಲ್ಲ. ಅಂದೇ ಸಂಜೆ ಅದು 'ಆರ್ಡರ್ ಮಾಡಿ' ಎಂದಾಯಿತು. ಬೇರೆ ಯಾವ ತಜ್ಞರೂ ಹೇಳದಿದ್ದ ಮಾತನ್ನು ಅತ್ತೆ ಹೇಳಿದ್ದರು.

ಎರಡು ತಿಂಗಳ ನಂತರ ಅವರ ಇನ್ನೊಂದು ಪತ್ರ ಬಂತು. ಪವಾಡವೇನೂ ನಡೆದಿಲ್ಲ. ಆರ್ಡರ್‌ಗಳು ತಿಂಗಳಿಗೆ ಹದಿನೈದರ ಹತ್ತಿರ ಬಂದಿವೆ. ಬೆಲೆ ಎಷ್ಟು ಎಂದು ಕೇಳುವ ಕರೆಗಳು ನಿಂತು, ಎಷ್ಟು ದಿನದಲ್ಲಿ ತಲುಪುತ್ತದೆ ಎಂದು ಕೇಳುವ ಕರೆಗಳು ಬರುತ್ತಿವೆ. ಖರ್ಚಾದದ್ದು ಡ್ರಾಯಿಂಗ್ ಶೀಟಿಗೂ ಹೊಸ ಸಿಮ್ಮಿಗೂ ಕೊಟ್ಟ ಹಣ ಮಾತ್ರ. ಮಗಳ ಫೀಸು ಕಟ್ಟಿ ಆಗಿದೆ, ಅಲ್‌ಹಮ್ದುಲಿಲ್ಲಾಹ್.

ಬೆಂಗಳೂರಿನ ಆ ಗಿರಾಕಿಗೆ ಅವರು ಹಣ ಮರಳಿಸಿ, "ಚಿತ್ರ ನಮ್ಮದಲ್ಲ, ತಪ್ಪು ನಮ್ಮದು" ಎಂದು ಬರೆದರಂತೆ. ಅವರಿಂದ ಉತ್ತರ ಬರಲಿಲ್ಲ. "ಬಾರದಿದ್ದರೂ ಈಗ ನನಗೆ ನಿದ್ದೆ ಬರುತ್ತದೆ" ಎಂದು ಸಹೋದರಿ ಬರೆದಿದ್ದಾರೆ. ಅವರ ಏಲಕ್ಕಿಯ ಚಿತ್ರದ ಕೆಳಗೆ ಈಗ ಹೀಗಿದೆ: "ಕಾಯಿ ಸಣ್ಣದು, ಬಣ್ಣ ತಿಳಿ. ಪರಿಮಳ ಹಿಡಿಸದಿದ್ದರೆ ಮರಳಿ ಕಳುಹಿಸಿ."

ಈಗ ಪತ್ರಿಕೆ ಕೆಳಗಿಟ್ಟು ನಿಮ್ಮ ವೆಬ್‌ಸೈಟನ್ನು ನಿಮ್ಮದೇ ಮೊಬೈಲಿನಲ್ಲಿ ಒಮ್ಮೆ ತೆರೆಯಿರಿ. ಮಾಡಿದವರಾಗಿ ನೋಡಬೇಡಿ. ದೂರದ ಊರಿನಲ್ಲಿ ಕುಳಿತು, ಸ್ವಲ್ಪ ಅನುಮಾನದಿಂದ ನೋಡುವ ಅಪರಿಚಿತ ಸಹೋದರಿಯಾಗಿ ನೋಡಿ. ನಿಮ್ಮ ಅಂಗಡಿಯಿಂದ ನೀವು ಕೊಳ್ಳುತ್ತೀರಾ?